ಮೂಲೆ ಹಿಡಿದು ಕಲಿತ ಮಾತು

ಲಾಂಡ್ರಿಯ ಹೆಂಗಸರನ್ನು ಗೇಟಿನ ಹೊರಗೇ ನಿಲ್ಲಿಸಿ, ಚಿಲಕ ಹಾಕಿ, ದೊಡ್ಡಪ್ಪ ಒಳಗೆ ಬಂದರು. ಸತ್ತವಳ ಜೊತೆ ಇಷ್ಟು ವರ್ಷ ಒಂದೇ ಹಬೆಯಲ್ಲಿ ಬೆಂದವರು ಆ ಹೆಂಗಸರು. ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದವನು ಆ ಲಾಂಡ್ರಿಯ ಮ್ಯಾನೇಜರು.

ಮಗಳು ಅಮ್ಮನ ತಲೆಯ ಹತ್ತಿರ ಕೂತಿದ್ದಳು. ತಲೆ ಎತ್ತಿದಳು.

"ಅವರನ್ನ ಯಾಕೆ ಬಿಡಲಿಲ್ಲ ದೊಡ್ಡಪ್ಪ?"

"ಮೆಲ್ಲಗೆ ಮಾತಾಡು. ಕೆಲಸ ಬಿಟ್ಟು ಬಂದಿದ್ದಾರಂತೆ. ಈಗಿಂದೀಗಲೇ ವಾಪಸ್ ಹೋಗ್ಲಿ ಅಂತಿದ್ದಾರೆ ಸಾಹೇಬ್ರು."

"ಮುಖ ನೋಡ್ಕೊಂಡು ಹೋಗ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಎತ್ತೇಬಿಡ್ತೀರಲ್ಲ."

"ನಾಳೆಯಿಂದ ಅಮ್ಮನ ಜಾಗ ನಿಂಗೇ ಅಂತ ಬಾಯಿಬಿಟ್ಟು ಹೇಳಿದ್ದಾರೆ. ಉಣ್ಣೋ ತಟ್ಟೇನ ಒದೀಬೇಡ ತಾಯಿ."

ಗೋಡೆಗೊರಗಿದ್ದ ಚಿಕ್ಕಮ್ಮ ಮೂಗು ಒರೆಸಿಕೊಂಡಳು. "ಕೆಮ್ಮಿ ಕೆಮ್ಮಿ ಸಾಯೋವಾಗ ಒಂದಿನ ರಜ ಕೊಡದವರು, ಈಗ ಜಾಗ ಕೊಡ್ತಾರಂತೆ. ದೊಡ್ಡ ಮನಸ್ಸು."

ದೊಡ್ಡಪ್ಪ ಅವಳತ್ತ ಕಣ್ಣು ಕೆಕ್ಕರಿಸಿದರು. ಮ್ಯಾನೇಜರು ಗಡಿಯಾರ ನೋಡಿಕೊಂಡ.

*

ಊರಿನ ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆಯೆಲ್ಲ ಆ ಲಾಂಡ್ರಿಗೇ ಬರುತ್ತಿತ್ತು. ಮಡಿಸಲು ಜೋಡಿ ಬೇಕು. ಒಂದೇ ಭಾಷೆಯ ಇಬ್ಬರನ್ನು ಎದುರುಬದುರು ನಿಲ್ಲಿಸಬಾರದೆಂಬುದು ಅಲ್ಲಿನ ಕಟ್ಟಳೆ. ಮಾತಿಗೆ ಮಾತು ಬೆಳೆದರೆ ಕೈ ನಿಲ್ಲುತ್ತದೆ, ಕೈ ನಿಂತರೆ ತಲೆ ಓಡುತ್ತದೆ ಎಂಬ ಹೆದರಿಕೆ ಮೇಲಿನವರಿಗೆ. ಹಾಗಾಗಿ ಅಮ್ಮನ ಎದುರಿಗೆ ಬಂದವಳು ತಮಿಳಿನವಳು. ಅಮ್ಮ ಅವಳನ್ನು ಮನೆಯಲ್ಲಿ 'ನನ್ನ ಎದುರಿನವಳು' ಎನ್ನುತ್ತಿದ್ದಳು.

ಯಂತ್ರಗಳ ಸದ್ದಿಗೆ ಕಿವಿ ತೂತಾಗಬೇಕು. ಆದರೆ ಬಟ್ಟೆಯ ಮೂಲೆಗೆ ಮೂಲೆ ಸೇರಿಸಲು ಇಬ್ಬರೂ ಹತ್ತಿರ ಬರಲೇಬೇಕಲ್ಲ. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ. ಅಲ್ಲಿ ಒಂದು ಮಾತು ಹಿಡಿಸುತ್ತಿತ್ತು, ಒಂದೇ. ಎದುರಿನವಳು "ವಣಕ್ಕಂ" ಎಂದು ಹಿಂದೆ ಸರಿದಳು. ಮುಂದಿನ ಮಡಿಕೆಗೆ ಅಮ್ಮ "ವಣಕ್ಕಂ" ಎಂದು ಹಿಂದೆ ಸರಿದಳು. "ಉಂಗ." ಹಿಂದೆ. "ಪೇರು." ಹಿಂದೆ. "ಎನ್ನ?" ನಿಮ್ಮ ಹೆಸರೇನು ಎಂದು ಕೇಳುವಷ್ಟರಲ್ಲಿ ಒಂದು ವಾರ್ಡಿನ ಹಾಸುಬಟ್ಟೆ ಮಡಿಸಿ ಆಗಿತ್ತು.

ರಾತ್ರಿ ಊಟವಾದ ಮೇಲೆ ಹೊದಿಕೆಯ ಎರಡು ಮೂಲೆ ಮಗಳ ಕೈಗೆ ಕೊಟ್ಟು ಅಮ್ಮ ಪಾಠ ಒಪ್ಪಿಸುತ್ತಿದ್ದಳು. ಭಾಷೆಯನ್ನು ಕಾಲಿನಿಂದ ಕಲಿತವಳು ಅವಳು. ಬಸ್ ಸ್ಟಾಪಿನಲ್ಲಿ ತಮಿಳಿನ ಮುದುಕಿಯೊಬ್ಬಳನ್ನು ಮಾತಾಡಿಸಲು ಹೋಗಿ, ಪದಕ್ಕೊಂದು ಹೆಜ್ಜೆ ಹಿಂದೆ ಸರಿದು ಮುಂದೆ ಬಂದು, ಕೊನೆಗೆ ಚರಂಡಿಗೆ ಕಾಲಿಟ್ಟಿದ್ದಳು. "ನಿಮ್ಮಮ್ಮ ಮಾತಾಡ್ತಾಳೋ ಕುಣೀತಾಳೋ" ಎಂದು ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಒಂದು ಬೆಳಿಗ್ಗೆ ಅಮ್ಮ ಎಂದಿನಂತೆ "ನಲ್ಲಾ ಇರುಕ್ಕೀಂಗಳಾ?" ಎಂದಳು. ಚೆನ್ನಾಗಿದ್ದೀರಾ ಎಂದು. ಎದುರಿನವಳು "ಇಲ್ಲೆ" ಎಂದಳು, ಇಲ್ಲ ಎಂದು. ತೋಳಿನ ಬಟ್ಟೆ ಸರಿಸಿದಾಗ ಮೊಣಕೈವರೆಗೆ ಬಿಸಿ ಯಂತ್ರ ಸುಟ್ಟ ಗಾಯ. ಹೇಳಿದರೆ ಕೆಲಸ ಹೋಗುತ್ತದೆಂದು ಬಾಯಿ ಹೊಲಿದುಕೊಂಡಿದ್ದಳು. ಅಮ್ಮ ಹಿಡಿದಿದ್ದ ಮೂಲೆ ಬಿಟ್ಟಳು. ಒಂದು ಜೋಡಿ ನಿಂತರೆ ಹಿಂದಿನದು ನಿಲ್ಲುತ್ತದೆ, ಅದರ ಹಿಂದಿನದೂ. ಗಾಯಕ್ಕೆ ಔಷಧಿ ಬರುವ ತನಕ ಇಡೀ ಸಾಲು ಕೈಕಟ್ಟಿ ನಿಂತಿತ್ತು. ಆಮೇಲೆ ಆ ಸಾಲಿನ ಎಲ್ಲ ಹೆಂಗಸರೂ ಬೆಳಗಾದರೆ ಒಬ್ಬರನ್ನೊಬ್ಬರು ಅದೇ ಪ್ರಶ್ನೆ ಕೇಳತೊಡಗಿದರು, ಯಾರ ಭಾಷೆಯಲ್ಲಾದರೂ ಸರಿ.

*

"ಏನಮ್ಮಾ," ಮ್ಯಾನೇಜರು ಕುರ್ಚಿಯಿಂದಲೇ ಕರೆದ. "ನಿಂಗೆ ಅವರ ಭಾಷೆ ಬರುತ್ತಂತಲ್ಲ. ನಾನು ಹೇಳಿದ್ರೆ ಕಿವುಡರ ಥರ ನಿಲ್ತಾರೆ. ನೀನೇ ಹೇಳು, ವಾಪಸ್ ಹೋಗಿ ಅಂತ."

"ಹೋಗು ಮಗಾ," ದೊಡ್ಡಪ್ಪನ ದನಿ ಬೇಡುವಂತಿತ್ತು. "ಎರಡು ಮಾತು ಹೇಳಿಬಿಟ್ಟು ಬಾ. ಕೆಲಸ ಉಳಿಯುತ್ತೆ."

ಮಗಳು ಎದ್ದು ಅಂಗಳಕ್ಕಿಳಿದಳು. ಮ್ಯಾನೇಜರು ಬಾಗಿಲಿಗೆ ಬಂದು ನಿಂತ. ಗೇಟಿನ ಸರಳು ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದವಳ ಮುಂಗೈ ಮೇಲೆ ಹಳೆಯ ಸುಟ್ಟ ಕಲೆ ಮೊಣಕೈಯತ್ತ ಹರಿದಿತ್ತು. ಈವರೆಗೆ ನೋಡಿರದಿದ್ದರೂ ಮಗಳಿಗೆ ಗುರುತು ಸಿಕ್ಕಿತು.

"ಹೇಳು," ಎಂದ ಮ್ಯಾನೇಜರು.

"ಹೋಗಿ ಅನ್ನೋದು ನಂಗೆ ಬರಲ್ಲ ಸಾರ್."

"ಬರದಿದ್ರೆ ಕೈಸನ್ನೆ ಮಾಡು."

"ಮಾಡಲ್ಲ. ಅಮ್ಮ ಅದನ್ನ ಕಲಿಸಲಿಲ್ಲ."

ಅವಳು ಚಿಲಕ ತೆಗೆದಳು. ಎದುರಿನವಳ ಮುಖದ ಹತ್ತಿರಕ್ಕೆ ಮುಖ ತಂದು, ಸಾವಿನ ಮನೆಯೆಂಬುದನ್ನೂ ಮರೆತು, ಯಂತ್ರಗಳ ನಡುವೆ ಕೂಗುವಂತೆ ಗಟ್ಟಿಯಾಗಿ ಹೇಳಿದಳು:

"ವಣಕ್ಕಂ."

ಒಂದು ಹೆಜ್ಜೆ ಹಿಂದೆ ಸರಿದಳು. ಆ ಹೆಂಗಸು ಒಂದು ಹೆಜ್ಜೆ ಒಳಗಿಟ್ಟಳು.

"ಉಳ್ಳ."

ಇನ್ನೊಂದು ಹೆಜ್ಜೆ ಹಿಂದೆ. ಹಿಂದಿದ್ದವರೆಲ್ಲ ಗೇಟು ದಾಟಿದರು.

"ವಾಂಗ," ಎಂದಳು ಮಗಳು, ಒಳಗೆ ಬನ್ನಿ ಎಂದು. ಮತ್ತೆ ಹಿಂದಕ್ಕೆ ಸರಿಯುತ್ತ ಹೋದಾಗ ಬೆನ್ನು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರಿಗೆ ತಾಗಿತು. ತಿರುಗಿ ನೋಡದೆ, ಅವನು ಪಕ್ಕಕ್ಕೆ ಸರಿಯುವ ತನಕ ಅಲ್ಲೇ ನಿಂತಳು.