ಹಲ್ಲಿಲ್ಲದಜ್ಜಿಯ ಕಾಟ

ಆಸ್ಪತ್ರೆಯಲ್ಲಿ ದುಂಡಗೆ ಹಾಕಿದ ಕುರ್ಚಿಗಳಲ್ಲಿ ತಾನು ಕೂರಬೇಕಾದದ್ದು ಡಾಕ್ಟರ ಕಡೆಯೋ ರೋಗಿಗಳ ಕಡೆಯೋ ಎಂಬುದೇ ಅವಳ ಗುಟ್ಟಿನ ಚಿಂತೆ. ಕೆಲಸಕ್ಕೆ ಸೇರಿದ್ದು ಡಾಕ್ಟರಮ್ಮನ ಸಹಾಯಕಿಯಾಗಿ. ಇಂಟರ್‌ನೆಟ್ ಬಿಟ್ಟಿರಲಾರದ ಹದಿಹರೆಯದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಕೆಲಸ. ನಿನ್ನೆ ರಾತ್ರಿ ಮಾತ್ರ ಅವಳೇ ಫೋನಿನೊಳಗೆ ಯಾರದೋ ಕೋಳಿಗೂಡನ್ನು ಗುಡಿಸಿ ಗುಂಡಾಂತರ ಮಾಡಿ ಮಲಗಿದ್ದಳು.

ಕೋಳಿ ಸಾಕುವ ಆಟವದು. ಒಡೆಯರು ತೂಕಡಿಸಿದರೆ ಬೇರೆ ಆಟಗಾರರು ಕಳ್ಳರಾಗಿ ನುಗ್ಗಬಹುದು. ನಾಲ್ಕು ಜನರೆದುರು ನಾಲಿಗೆ ಹೊರಳದ ಈ ಹುಡುಗಿ, ಅಲ್ಲಿ ‘ಹಲ್ಲಿಲ್ಲದಜ್ಜಿ’ ಎಂಬ ಹೆಸರಿನಲ್ಲಿ ಊರೆಲ್ಲ ಬಾಯಿ ಮಾಡಿಕೊಂಡು ಮೆರೆಯುತ್ತಿದ್ದಳು.

ಅಂದು ಎರಡು ಜಡೆಯ ಹುಡುಗಿಯ ಸರದಿ. ಪಕ್ಕದಲ್ಲಿ ಅವಳಮ್ಮ.

“ಯಾಕಮ್ಮ ನಿದ್ದೆಗೆಡ್ತೀಯ?” ಎಂದರು ಡಾಕ್ಟರಮ್ಮ.

“ಅಜ್ಜಿ ಕಾಟ.”

“ಇವಳಜ್ಜಿ ಊಟ ಆದಕೂಡ್ಲೆ ಗೊರಕೆ ಹೊಡೀತಾರೆ ಡಾಕ್ಟ್ರೇ,” ಎಂದು ತಾಯಿ ಬಾಳಿನಲ್ಲಿ ಮೊದಲ ಸಲ ಅತ್ತೆಯ ಪರ ವಹಿಸಿದಳು.

“ಆ ಅಜ್ಜಿಯಲ್ಲ. ಆಟದಲ್ಲಿ ಬರೋ ಹಲ್ಲಿಲ್ಲದಜ್ಜಿ. ನನ್ನ ಕೋಳಿ ಕದ್ದು, ಚೀಟಿ ಬೇರೆ ಬಿಟ್ಟು ಹೋಗ್ತಾಳೆ. ‘ಪುಟ್ಟೀ, ನಿನಗಿಂತ ನಿನ್ನ ಕೋಳಿಗಳೇ ಜಾಣವು, ಕರೆದಕೂಡ್ಲೆ ಬಂದ್ವು’ ಅಂತ.”

“ಹಲ್ಲಿಲ್ದೋಳು ಕೋಳಿ ತಗೊಂಡು ಏನ್ ಮಾಡ್ತಾಳೆ?” ಕನ್ನಡಕದ ಹುಡುಗ ತರ್ಕ ತೆಗೆದ. ಎಲ್ಲರೂ ಕಿಸಕ್ಕೆಂದರು.

ಸಹಾಯಕಿ ಉಗುರು ಕಚ್ಚಿದಳು. ಆ ಚೀಟಿ ಬರೆದು ಹಾಸಿಗೆಯಲ್ಲಿ ಹೊರಳಾಡಿ ನಕ್ಕವಳು ಅವಳೇ. ಈಗ ಹೊಟ್ಟೆಯಲ್ಲಿ ಭಯದ ಪಕ್ಕದಲ್ಲೇ ನಾಚಿಕೆಗೆಟ್ಟ ಹೆಮ್ಮೆಯೊಂದು ಕಾಲು ಚಾಚಿ ಕೂತಿತ್ತು.

“ಅಜ್ಜಿಯೂ ಇಲ್ಲ, ಗಿಜ್ಜಿಯೂ ಇಲ್ಲ,” ಎಂದರು ಡಾಕ್ಟರಮ್ಮ. “ಆಟದ ಕಂಪ್ಯೂಟರೇ ಹಾಗೆ ಬರೆಯೋದು. ಇಲ್ಲದವರ ಜೊತೆ ಜಗಳಕ್ಕೆ ನಿಲ್ಲೋ ಮಟ್ಟಕ್ಕೆ ಬಂದಿದೆ ಅಂದ್ರೆ, ಇವಳನ್ನ ನಾಳೆಯಿಂದ ವಾರ್ಡಿಗೆ ಸೇರಿಸೋದೇ ಒಳ್ಳೇದು.”

“ಕಂಪ್ಯೂಟರಿಗೆ ಅಷ್ಟು ಕೊಬ್ಬಿರಲ್ಲ ಮೇಡಂ,” ಎಂದಳು ಹುಡುಗಿ. ತಾಯಿಯ ಸೆರಗು ಹಿಡಿದಳು. “ಅಮ್ಮಾ, ನಾನು ಸುಳ್ಳು ಹೇಳ್ತಿಲ್ಲ.”

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಬಾಯಿಬಿಟ್ಟರೆ ತನ್ನ ಕೆಲಸಕ್ಕೆ ಕಲ್ಲು, ಬಿಡದಿದ್ದರೆ ಹುಡುಗಿ ವಾರ್ಡಿಗೆ. ಸುಮ್ಮನಿರು, ಮನೆಗೆ ಹೋಗಿ ಆಟದೊಳಗಿನ ಅಜ್ಜಿಯನ್ನು ಸಾಯಿಸಿಬಿಟ್ಟರಾಯಿತು ಎಂದು ಮನಸ್ಸು ಉಪಾಯ ಹೇಳಿಕೊಟ್ಟಿತು. ಉಪಾಯವೇನೋ ಚೆನ್ನಾಗಿಯೇ ಇತ್ತು. ಹುಡುಗಿ ಜಡೆಯ ತುದಿಯಿಂದ ಕಣ್ಣೊರೆಸಿಕೊಂಡದ್ದು ಕಾಣದೇ ಹೋಗಿದ್ದರೆ ಅದನ್ನೇ ಮಾಡುತ್ತಿದ್ದಳೇನೋ.

ಸಹಾಯಕಿ ಎದ್ದು ನಿಂತಳು. ಕುರ್ಚಿ ಕಿರ್ರೆಂದಿತು, ಎಲ್ಲ ತಲೆಗಳೂ ಇತ್ತ ತಿರುಗಿದವು.

“ಅಜ್ಜಿ ಇದ್ದಾಳೆ ಮೇಡಂ,” ಎಂದಳು. “ನಾನೇ.”