‘ತಳದ ನೀರು’ ಹಾಡಿನ ಎರಡನೇ ಚರಣ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಹಾಡಿನಿಂದಲೇ? ಎಸ್ಕೊನ ಮೆಟಲ್ ಬ್ಯಾಂಡಿನ ‘ತಳದ ನೀರು’ ಎಂಬ ಬಿಡಿ ಹಾಡನ್ನು ಇಡೀ ಫಿನ್ಲೆಂಡಿನಲ್ಲಿ ಮುನ್ನೂರು ಜನ ಕೇಳಿದ್ದರೆ ಹೆಚ್ಚು. (ನನ್ನ ಕಥೆಗಳಿಗಿಂತ ವಾಸಿ ಬಿಡಿ.) ಎರಡನೇ ಚರಣ ಹೀಗಿದೆ:

ಹೆಪ್ಪುಗಟ್ಟಿದ ಕೆರೆಗೆ ಬಾಯಿ ಕೊರೆದೆ,
ಚಪ್ಪಲಿ ಅಂಚಿನಲ್ಲೇ ಬಿಟ್ಟೆ,
ಹುಡುಕಬೇಡಿ.

ಬೇಡ, ಹೊಡೆದುಹಾಕಿದೆ. ಎಸ್ಕೊನ ಅಕ್ಕ ಹಿಲ್ಕಳಿಂದ ಶುರು ಮಾಡೋಣ.

೧. ಕೆರೆ ದಡದ ಮರದ ಮನೆಯಲ್ಲಿ ಒಬ್ಬನೇ ಇದ್ದ ತಮ್ಮ ಎಸ್ಕೊ ಎರಡು ದಿನದಿಂದ ಫೋನ್ ಎತ್ತಿರಲಿಲ್ಲ. ಹಿಲ್ಕಳಿಗೆ ಆ ಚರಣ ನೆನಪಾಯಿತು. ಅಳು ಬಾರದಿರಲೆಂದು ಅರವತ್ತು ಕಿಲೋಮೀಟರ್ ದಾರಿಯುದ್ದಕ್ಕೂ ಬೈಗುಳ ಕೂಡಿಹಾಕುತ್ತ ಕಾರು ಓಡಿಸಿದಳು. ಮಧ್ಯಾಹ್ನ ತಲುಪಿದಾಗ ಮನೆ ಖಾಲಿ. ಕೆರೆಯ ಮಂಜುಗಡ್ಡೆಯಲ್ಲಿ ಆಳು ಇಳಿಯುವಷ್ಟು ದೊಡ್ಡ ತೂತು, ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ.

೨. (ಮೊದಲನೇ ಮುಕ್ತಾಯ.) ಹಿಲ್ಕ ಮಂಡಿಯೂರಿ ನೀರನ್ನೇ ದಿಟ್ಟಿಸಿದಳು. ತಡವಾಗಿತ್ತು...

“ಏನ್ರೀ ಬರೀತಿದ್ದೀರಿ?” ಹಿಲ್ಕ ನನ್ನ ಮೇಲೇ ತಿರುಗಿಬಿದ್ದಳು. “ನನ್ನ ತಮ್ಮನ್ನ ಸಾಯ್ಸಿ ನಿಮಗೇನು ಸಿಗುತ್ತೆ?”

“ಕಥೆಗೊಂದು ತೂಕ...”

“ತೂಕ ನಿಮ್ ತಲೆ. ಅಲ್ಲಿ ನೋಡ್ರೀ, ಸೌನಾ ಚಿಮಣಿಲಿ ಹೊಗೆ.”

೩. ಹೌದು, ಬರೆಯಲು ಮರೆತಿದ್ದೆ. ಉಗಿಸ್ನಾನದ ಆ ಪುಟ್ಟ ಕೋಣೆಯ ಬಾಗಿಲು ತೆರೆಯಿತು. ಉಗಿಯಲ್ಲಿ ಬೆಂದು, ಅಲ್ಲಿಯವರ ರೂಢಿಯಂತೆ ಆ ತೂತಿನ ತಣ್ಣೀರಲ್ಲಿ ಮುಳುಗಿ ಬರಿಗಾಲಲ್ಲೇ ಓಡಿಬಂದಿದ್ದ ಎಸ್ಕೊ ಬೀಟ್‌ರೂಟಿನ ಹಾಗೆ ಕೆಂಪಾಗಿ, ಟವೆಲ್ ಸುತ್ತಿಕೊಂಡು ಇಣುಕಿದ.

“ಅಕ್ಕಾ? ಒಂದು ಫೋನ್ ಮಾಡೋದಲ್ವಾ?”

“ಮಾಡ್ದೆ ಕಣೋ. ನಲವತ್ತು ಸಲ.”

“ಅಯ್ಯೋ, ಫೋನು ಮೊನ್ನೆನೇ ತೂತಿಗೆ ಬಿತ್ತು. ಒಳಗೆ ಬಾ, ಬಿಸಿ ಹೋಗುತ್ತೆ.”

“ಬರಲ್ಲ. ಒಳಗೆ ಬಂದ್ರೆ ಬೈಯೋ ಹಾಗಿಲ್ಲ.”

(ಅಲ್ಲಿಯ ಕಟ್ಟುಪಾಡು ಅದು: ಸೌನಾದೊಳಗೆ ಯಾರೂ ದನಿ ಏರಿಸುವಂತಿಲ್ಲ. ಅದಕ್ಕೇ ಕರೆಯುತ್ತಿದ್ದಾನೆಂದು ಅಕ್ಕನಿಗೆ ಗೊತ್ತು.)

“ಆ ಹಾಡು...” ಹಿಲ್ಕ ತೂತಿನತ್ತ ಕೈ ತೋರಿಸಿದಳು. “ನಿಜ ಹೇಳು.”

ಎಸ್ಕೊ ಕಾಲ್ಬೆರಳು ನೋಡಿಕೊಂಡ. “ಬರೆದಾಗ ನಿಜಾನೇ ಇತ್ತಕ್ಕ. ಬ್ಯಾಂಡಿನ ನಾಲ್ಕೂ ಜನ ಸೇರಿ ಊರೂರಲ್ಲಿ ಕಿರುಚಿದ್ವಲ್ಲ, ಮೂರನೇ ಊರಿಗೆ ಬರೋಷ್ಟರಲ್ಲಿ ಬರೀ ಹಾಡಾಗೋಯ್ತು.”

ಹಿಲ್ಕಳಿಗೆ ಹೋದ ಜೀವ ಬಂದಂತಾಯಿತು. ಬೂಟು ಬಿಚ್ಚಿದಳು.

೪. ಎರಡನೇ ಮುಕ್ತಾಯ: ಇಬ್ಬರೂ ಅತ್ತರು. ಮೂರನೆಯದು: ನಕ್ಕರು. ಯಾವುದೆಂದು ನೋಡಿ ಬರೆಯೋಣವೆಂದು ನಾನೂ ಒಳಗೆ ಕಾಲಿಡಹೋದೆ.

“ನೀವು ಹೊರಗೇ ಇರಿ,” ಎಂದಳು ಹಿಲ್ಕ. “ನಿಮ್ಮನ್ನ ನಂಬೋಕಾಗಲ್ಲ.” ಬಾಗಿಲು ಹಾಕಿಕೊಂಡಳು.

ಆಡದೆ ಉಳಿದ ಬೈಗುಳವೆಲ್ಲ ನನ್ನ ಜೊತೆ ಹೊರಗೆ ಚಳಿಯಲ್ಲಿ ನಿಂತಿದೆ. ಒಳಗೆ ಉಗಿಗೆಂದು ಕಾದ ಕಲ್ಲಿನ ಮೇಲೆ ಸುರಿದ ನೀರು ಚುಂಯ್ ಎಂದದ್ದಷ್ಟೇ ಕೇಳಿಸಿತು. ಮುಂದಿನದು ನನಗೆ ಗೊತ್ತಿಲ್ಲ, ಕೇಳಬೇಡಿ. ಇಬ್ಬರೂ ಒಳಗಿದ್ದಾರೆ.