ಹೊಲಿಗೆಯಮ್ಮನ ನಾಲ್ಕು ನಿಮಿಷ

“ಇನ್ನೂ ಸ್ವಲ್ಪ ಎತ್ತಿ, ತಿರುವಿನಲ್ಲಿ ಗೋಡೆಗೆ ತಾಗತ್ತೆ,” ಎಂದರು ನಿರ್ದೇಶಕರು. ಹೊಲಿಗೆಯಮ್ಮನ ದೇಹ ಹೊತ್ತ ನಾಲ್ವರು ಮೂರನೇ ಮಹಡಿಯ ಇಕ್ಕಟ್ಟಾದ ಮೆಟ್ಟಿಲನ್ನು ಒಂದೊಂದಾಗಿ ಇಳಿದರು. ಹನ್ನೊಂದು ವರ್ಷದ ಹಿಂದೆ ನಿರ್ದೇಶಕರು ಕ್ಯಾಮೆರಾ, ದೀಪಗಳನ್ನು ಹೊತ್ತು ಹತ್ತಿದ್ದು ಇದೇ ಮೆಟ್ಟಿಲು. ಆಕೆಯ ಮನೆಯಲ್ಲೇ ಹದಿನೆಂಟು ದಿನದಲ್ಲಿ ಇಡೀ ಸಿನಿಮಾ ಮುಗಿಸಿದ್ದರು.

ಎಲ್ಲ ಮುಗಿಸಿಕೊಂಡು ಬಂದವರು ಆಕೆಯ ಮನೆಯಲ್ಲಿ ಕೂತರು. ಕೆಳಮನೆಯ ಮೇಷ್ಟ್ರು ಮಾತು ತೆಗೆದರು.

“ಬೇಜಾರು ಮಾಡ್ಕೋಬೇಡಿ ಸಾರ್, ಇಲ್ಲಿ ತೆಗೆದ ನಿಮ್ಮ ಥ್ರಿಲ್ಲರ್‌ನಲ್ಲಿ ಕೊಲೆಗಾರ ಯಾರು ಅಂತ ಇಂಟರ್‌ವಲ್‌ಗೆ ಮುಂಚೆನೇ ನಂಗೆ ಗೊತ್ತಾಗೋಗಿತ್ತು.”

“ನಮ್ಮ ತಾಯಿಗೂ ಗೊತ್ತಾಗಿತ್ತು,” ಎಂದು ನಿರ್ದೇಶಕರು ನಕ್ಕರು. “ಕತೆ ಕೈಕೊಡ್ತು. ಕೊನೇ ಅರ್ಧ ಗಂಟೆ ಬರೀ ಎಳೆದಾಟ. ಆದ್ರೆ ಹೊಲಿಗೆಯಮ್ಮ ತಾಯಿಯಾಗಿ ಮುಚ್ಚಿದ ಕೋಣೆ ಮುಂದೆ ಕೂರೋ ನಾಲ್ಕು ನಿಮಿಷ ಇದ್ಯಲ್ಲ, ಅಂಥದ್ದು ಮತ್ತೆ ನನ್ನ ಕೈಲಿ ಆಗ್ಲಿಲ್ಲ.”

ಲೋಟ ಎತ್ತಿಡುತ್ತಿದ್ದ ಹೊಲಿಗೆಯಮ್ಮನ ಮಗಳು ನಿಂತಳು. “ನಾನು ನೋಡ್ಲೇ ಇಲ್ಲ. ಆ ಸಿನಿಮಾಗೂ ಮುಂಚೆ ಅಣ್ಣ ಜ್ವರದಲ್ಲಿ ಹೋದಾಗ ಅಮ್ಮ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಮೂರನೇ ದಿನಕ್ಕೇ ಮಿಷನ್ ತುಳೀತಾ ಕೂತ್ಲು. ಅಂಥವಳು ಸಿನಿಮಾದಲ್ಲಿ ಮಗನಿಗಾಗಿ ಅಳೋದನ್ನ ನಾನ್ಯಾಕೆ ನೋಡ್ಲಿ?”

“ಅತ್ತಿಲ್ಲ ಕಣಮ್ಮ,” ಎಂದರು ನಿರ್ದೇಶಕರು.

*

ಹನ್ನೊಂದು ವರ್ಷದ ಹಿಂದಿನ ಆ ಚಿತ್ರೀಕರಣದ ದಿನ ತಾಯಿಯ ಪಾತ್ರದ ನಟಿ ಬರಲೇ ಇಲ್ಲ. ಸತ್ತ ಮಗ ಕೋಣೆಯೊಳಗೇ ಇದ್ದಾನೆಂದು ನಂಬಿದ ಹೆಂಗಸಿನ ಪಾತ್ರ ಅದು. ನಿರ್ದೇಶಕರು ಹೊಲಿಗೆಯಮ್ಮನನ್ನೇ ಬೇಡಿಕೊಂಡರು.

“ಬಾಗಿಲು ಬಡಿದು ಕಿರುಚಬೇಕು, ಅಷ್ಟೇ.”

“ಒಳಗಿದಾನೆ ಅಂತ ಗೊತ್ತಿದ್ರೆ ಯಾಕಪ್ಪ ಕಿರುಚ್ಲಿ?”

ಆಕೆ ನೆಲದ ಮೇಲೆ ಕೂತು, ಬಾಗಿಲಿಗೆ ಕೆನ್ನೆ ಆನಿಸಿದಳು.

“ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಮಾಡಿದೀನಿ ಕಣೋ. ಎರಡು ಇಂಚು. ಈಗ ಎತ್ತರ ಆಗಿರ್ತೀಯ. ಹಾಕ್ಕೊಂಡು ಬಾ, ನೋಡೋಣ.”

ಉತ್ತರಕ್ಕೆ ಕಾದಳು. ಮತ್ತೆ ಅದನ್ನೇ ಹೇಳಿದಳು. ಧ್ವನಿ ಹಿಡಿಯುತ್ತಿದ್ದವನು ಮುಖ ತಿರುಗಿಸಿಕೊಂಡ. ನಿರ್ದೇಶಕರು ‘ಕಟ್’ ಎನ್ನದೆ ಕ್ಯಾಮೆರಾ ಓಡಲು ಬಿಟ್ಟರು.

*

“ಆ ಮಾತು ನಾನು ಬರೆದಿದ್ದಲ್ಲ,” ಎನ್ನುತ್ತ ನಿರ್ದೇಶಕರು ಮೊಬೈಲಿನಲ್ಲಿ ದೃಶ್ಯ ಹಾಕಿಕೊಟ್ಟರು. “ಶಾಟ್‌ನಲ್ಲಿ ಒಂದು ತಪ್ಪಿದೆ. ನೋಡಿದವರು ಆಡ್ಕೊಂಡು ನಕ್ರು. ಇನ್ನೊಂದ್ಸಲ ತೆಗೀಬೇಕಿತ್ತು. ನಿಮ್ಮಮ್ಮನ್ನ ಮತ್ತೆ ಅಲ್ಲಿ ಕೂರಿಸೋಕೆ ನಂಗೆ ಮನಸ್ಸು ಬರ್ಲಿಲ್ಲ.”

ಮಗಳು ನೋಡಿದಳು. ಮಂದ ಬೆಳಕಿನಲ್ಲಿ ಅಮ್ಮ, ಬಾಗಿಲು, ಎರಡು ಇಂಚಿನ ಮಾತು. ಅಮ್ಮನ ಹಿಂದೆ, ದೂರದಲ್ಲಿ, ಮುಂಬಾಗಿಲು ತೆರೆಯಿತು. ಕಾಲೇಜಿನ ಚೀಲ ಹೊತ್ತ ಹುಡುಗಿಯೊಬ್ಬಳು ಒಳಬಂದಳು. ಅದು ಅವಳೇ. ಚಪ್ಪಲಿ ಬಿಟ್ಟಳು, ಚೀಲವನ್ನು ಮೊಳೆಗೆ ತೂಗುಹಾಕಿದಳು, ಅಮ್ಮನತ್ತ ತಿರುಗಿಯೂ ನೋಡದೆ ಅಡುಗೆಮನೆಗೆ ಹೋದಳು.

ಹೆಜ್ಜೆ ಸದ್ದಿಗೆ ಅಮ್ಮ ಥಟ್ಟನೆ ಮಾತು ನಿಲ್ಲಿಸಿದಳು. “ತಂಗಿ ಬಂದ್ಲು,” ಎಂದು ಬಾಗಿಲಿಗೆ ಪಿಸುಗುಟ್ಟಿ, ತುಟಿಯ ಮೇಲೆ ಬೆರಳಿಟ್ಟಳು.